ಸುಣ್ಣದ ಗೆರೆಯಾಚೆ ಒಂದು ಹಿಮ್ಮಡಿ

ಆ ಹಿಮ್ಮಡಿಗೆ ಸುಣ್ಣ ಇನ್ನೂ ಹಾಗೇ ಅಂಟಿದೆ, ಬೆಳಿಗ್ಗೆಯದು, ತೊಳೆದುಕೊಂಡಿಲ್ಲ ಹುಡುಗಿ, ಎರಡನೇ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದಾಳೆ — ತಪ್ಪಾಯಿತು, ಇದನ್ನೆಲ್ಲ ಹೇಳಲು ನಾನು ಯಾರು, ವನಜಾಕ್ಷಿ ಎನ್ನುವ ಒಬ್ಬ ಗುಮಾಸ್ತೆ, ಹಗಲು ಕಡತ ಕಟ್ಟಿ ಸಂಜೆ ಕಾಲೇಜಿನಲ್ಲಿ ಕೂತು ಮೂರನೇ ಸಲಕ್ಕೆ ಬಿ.ಎ. ಪಾಸಾದವಳು, ಇನ್ನೊಬ್ಬರ ಗುಣ ಅಳೆಯುವ ಯೋಗ್ಯತೆ ನನಗೆಲ್ಲಿಂದ ಬಂತು, ಆದರೂ ಒಳಗೊಳಗೇ ವರದಿ ಒಪ್ಪಿಸುತ್ತಲೇ ಇದ್ದೇನೆ, ಕೇಳುವವರಿಲ್ಲ, ಕ್ಷಮಿಸಿ ಎಂದು ಯಾರಿಗೆ ಹೇಳುವುದು. ಬೆನ್ನ ಹಿಂದೆ ಮಧುಗಿರಿ ಬಂಡೆ ಕಾದು ಶಾಖ ಉಗುಳುತ್ತಿದೆ, ಮೂರು ಗಂಟೆ, ಮೈದಾನದಲ್ಲಿ ಒಂದು ಗೇಣು ನೆರಳಿಲ್ಲ, ನಲವತ್ತೊಂದು ಹುಡುಗಿಯರು, ಶಿರಾ, ಕೊರಟಗೆರೆ, ಪಾವಗಡ, ನಮ್ಮ ಮಧುಗಿರಿ, ಎಲ್ಲರೂ ಕಾಲೇಜು ಕಬಡ್ಡಿ ಆಡಿದವರು, ಲೀಗ್ ತಂಡಕ್ಕೆ ಬೇಕಾಗಿರುವುದು ಒಬ್ಬಳೇ ಒಬ್ಬಳು ರೈಡರ್. ನೀರು ಕೊಡಬೇಡಿ ಎಂದಿದ್ದಾರೆ ಪ್ರಭುದೇವ್ ಸರ್, ಆಯ್ಕೆಗೆಂದು ಲೀಗ್ ತಂಡ ಕಳಿಸಿರುವುದು ಅವರನ್ನೇ, ಯಾರು ಮೊದಲು ಕೇಳ್ತಾಳೆ ನೋಡೋಣ ಮೇಡಂ, ಬಾಯಾರಿಕೇಲೇ ಗೊತ್ತಾಗೋದು ಯಾರು ಎಷ್ಟು ಅಂತ — ಕೊಳಾಲದ ಕಡೆಯವಳೊಬ್ಬಳು ಕೇಳಿದಳು, ಅವಳ ಹೆಸರಿನ ಮೇಲೆ ಗೀಟು ಬಿತ್ತು, ಆಮೇಲೆ ಅವಳಿಗೆ ಒಂದು ಪೂರ್ತಿ ಬಾಟಲಿ ಕೊಟ್ಟರು, ನಗುತ್ತಾ, ಕುಡಿಯಮ್ಮ ಕುಡಿ, ಇನ್ನು ನಿನಗೇನು ಅವಸರ. ಹಳೇ ಆಟಗಾರ್ತಿ ಎಂದು ನನ್ನನ್ನು ಅವರ ನೆರವಿಗೆ ಕರೆಸಿದ್ದಾರೆ, ಮೀನಖಂಡ ಒತ್ತಿ ನೋಡುವುದು ನನ್ನ ಕೆಲಸ, ನಲವತ್ತೊಂದು ಜೊತೆ ಕಾಲು ಒತ್ತಿದೆ ಈ ಕೈಯಲ್ಲಿ, ಗಟ್ಟಿ, ಸಾಧಾರಣ, ಮೆತ್ತಗೆ, ದನದ ಜಾತ್ರೆಯಲ್ಲಿ ಹಾಗೇ ಅಲ್ಲವೇ, ಹಲ್ಲು ಮಾತ್ರ ನೋಡಲಿಲ್ಲ. ವೇಗ, ಹಿಡಿತ, ದಮ್ಮು, ಹಾಳೆಯಲ್ಲಿ ಈ ಮೂರು ಕಾಲಂ ಸರ್ ಅವರವು. ಕಡೆಯದು, ಗುಣ, ನನ್ನದು, ಅವರೇ ವಹಿಸಿದ್ದು, ನೀವು ಈ ಕಡೆಯೋರು ಮೇಡಂ, ಇವರ ಬುದ್ಧಿ ನಿಮಗೆ ಗೊತ್ತು.

ಗೊತ್ತೇ? ಎರಡು ರಾತ್ರಿ ಅದೇ ಯೋಚನೆ, ಅನ್ಯಾಯ ಆಗಬಾರದು, ಕಣ್ಣಳತೆಯಲ್ಲಿ ಬರೆಯಬಾರದು, ಏನಾದರೂ ಒಂದು ಪರೀಕ್ಷೆ ಇರಬೇಕು — ಎಷ್ಟು ಪ್ರಾಮಾಣಿಕಳು ನಾನು. ನಾನೇ ಹೋಗಿ ಹೇಳಿದೆ, ಸರ್, ಕಾಲು ಅಂಚಿನ ಗೆರೆ ದಾಟಿದರೂ ಅಂಪೈರು ಸೀಟಿ ಊದದೇ ಇರಲಿ, ಏನು ಮಾಡ್ತಾರೆ ನೋಡೋಣ. ಅವರು ಬೆರಳಿನಿಂದ ಮೇಜು ಬಡಿದರು, ಪಸಂದಾಗಿದೆ ಮೇಡಂ. ನಮ್ಮ ಕಡೆ ಊರಾಟದಲ್ಲಿ ರೂಢಿ ಅದು, ಅಂಪೈರು ನೋಡಲಿ ಬಿಡಲಿ, ಔಟಾದವರು ತಾವೇ ಕೈ ಎತ್ತಿ ಆಚೆ ಹೋಗಬೇಕು, ಕೈ ಎತ್ತದವರನ್ನು ಮುಂದಿನ ಆಟಕ್ಕೆ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತು ಜನರ ಕಾಲು ದಾಟಿತು, ಎಣಿಸಿದೆ, ಶಿರಾದ ಆ ಉದ್ದ ಜಡೆಯವಳದು ಅಂಗೈಯಷ್ಟು ದಾಟಿತ್ತು, ತಿರುಗಿ ಕೂಡ ನೋಡಲಿಲ್ಲ. ಆಶಾರಾಣಿ, ಪಾವಗಡದ ಆಶಾರಾಣಿ, ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಹಾವಿನ ಹಾಗೆ ನುಣುಚಿ ಬಂದಳು, ಅಂಥ ರೈಡು ನಾನು ಈ ಮೈದಾನದಲ್ಲಿ ನೋಡಿಲ್ಲ, ಚಪ್ಪಾಳೆ ಬಿದ್ದೇ ಬಿಟ್ಟಿತು, ಅಷ್ಟರಲ್ಲಿ ಅವಳು ನಿಂತು ಕೆಳಗೆ ನೋಡಿದಳು, ಹಿಮ್ಮಡಿ ಗೆರೆಯಾಚೆ ಬಿದ್ದಿತ್ತು, ಒಂದು ಬೆರಳಷ್ಟು — ಕೈ ಎತ್ತಿದಳು. ಬೇಲಿ ಆಚೆಯಿಂದ ಅವಳಪ್ಪ ಕದರಪ್ಪ, ಟವೆಲ್ ತಲೆಗೆ ಹಾಕಿಕೊಂಡು ಬಂದವನು, ಹಲ್ಲು ಬಿಟ್ಟು ನನ್ನ ಕಡೆ, ನೋಡುದ್ರಾ ಅಮ್ಮಾ, ನಮ್ಮ ಪಾಪ ಚಿನ್ನಪ್ಪಟಿನುಂಚಿ, ಸಣ್ಣೋಳಿದ್ದಾಗ್ಲಿಂದ ಇಂಗೇ ಕಣಮ್ಮಾ, ಬಾಯಾಗೆ ಒಂದ್ ಸುಳ್ ಬರಾಕಿಲ್ಲ, ಈ ದಪ ಆಯ್ತದೆ ಅಲ್ವಾ, ಮುಂದಿನ್ ವರ್ಸಕ್ಕೆ ವಯಸ್ಸು ದಾಟೋಯ್ತದಂತಲ್ಲಮ್ಮಾ. ಆಗ್ತದೆ ಎಂದೆನೇ? ತಲೆ ಆಡಿಸಿದೆ. ಆಡಿಸಿದೆ, ಹೌದು.

ಮೊಣಕೈ ಉರಿಯುತ್ತಿದೆ, ಇಪ್ಪತ್ತಾರು ವರ್ಷದ ಹಿಂದಿನದು, ಉರಿಯಲು ಅಲ್ಲಿ ಈಗ ಗಾಯವಿಲ್ಲ, ದೊಡ್ಡೇರಿಯ ಫೈನಲ್ಲು, ಕಡೆಯ ರೈಡು, ರೈಡಿಗೆ ಬಂದವಳು ಕೊಳಾಲದ ದಾಸಮ್ಮ, ಅವಳ ಉಗುರು ನನ್ನ ಮೊಣಕೈ ಕೆಳಗೆ ಗೀರಿತು, ಚರ್ಮ ಎದ್ದಿತು, ಮುಟ್ಟಿದೆ ಕಣ್ರೀ ಮುಟ್ಟಿದೆ, ದೇವ್ರಾಣೆ, ಲೇ ವನಜಿ ನೀನೇ ಹೇಳೇ, ಎಂದು ಕೂಗಿದಳು, ಅಂಪೈರು ನನ್ನನ್ನು ನೋಡಿದರು, ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಒಂದು ಪಾಯಿಂಟಿನಲ್ಲಿ ಗೆದ್ದೆವು. ಸರ್ಟಿಫಿಕೇಟು, ಕ್ರೀಡಾ ಕೋಟಾ, ಫ್ಯಾನಿನ ಕೆಳಗೆ ಈ ನೌಕರಿ. ಹೋದ ವರ್ಷ ದಾಸಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಿದ್ದಳು, ಕೈಯಲ್ಲಿ ಊಟದ ಡಬ್ಬಿ, ಏನ್ ವನಜಾ, ದಪ್ಪ ಆಗ್ಬುಟ್ಟಿದೀಯ, ಚೆನ್ನಾಗಿದೀಯಾ ಬುಡು, ಎಂದು ಮಾತಾಡುತ್ತಲೇ ನನ್ನ ಮೊಣಕೈಯನ್ನು ನೋಡಿದಳು, ಸೆರಗು ಎಳೆದುಕೊಂಡೆ.

ಮಧ್ಯಾಹ್ನ ಊಟಕ್ಕೆ ಮುಂಚೆ ಗುಣದ ಕಾಲಂ ಓದಿದರು ಪ್ರಭುದೇವ್ ಸರ್, ಇದೇನು ಮೇಡಂ, ‘ಕೈ ಎತ್ತಿದಳು’ ಅಂತಷ್ಟೇ ಬರೆದಿದ್ದೀರಿ, ಒಳ್ಳೇದೋ ಕೆಟ್ಟದ್ದೋ? ಆಗ ಗೊತ್ತಾಯಿತು, ಯಾವುದು ಸರಿಯುತ್ತರ ಎಂದು ತೀರ್ಮಾನಿಸದೆಯೇ ಪರೀಕ್ಷೆ ಇಟ್ಟಿದ್ದೆ, ಒಂಬತ್ತು ಹುಡುಗಿಯರ ಕಾಲಿಗೆ ಬಲೆ ಹಾಸಿ ಅದು ಯಾವುದಕ್ಕೆಂದು ಯೋಚಿಸಿರಲಿಲ್ಲ. ಆಟ ಇಬ್ಬರದೂ ಸಮ ಮೇಡಂ, ಪಾವಗಡ, ಶಿರಾ, ನೀವು ಹೇಳಿದ್ದೇ ಕೊನೆ, ಅವರು ನಿಜವಾಗಿಯೂ ಕೇಳುತ್ತಿದ್ದರು, ಪೆನ್ನು ಹಿಡಿದು ಕಾಯುತ್ತಿದ್ದರು, ಒಳ್ಳೆಯದು ಎಂದಿದ್ದರೆ ಹಾಗೇ ಬರೆಯುತ್ತಿದ್ದರು, ಒಂದು ಮಾತು, ಅಷ್ಟೇ ಬೇಕಿತ್ತು. ಕೆಟ್ಟದ್ದು ಸರ್, ಎಂದೆ. ಗೆಲ್ಲುವ ಹಟ ಇಲ್ಲ ಸರ್ ಇವಳಿಗೆ, ಎಂದೆ, ನನ್ನ ದನಿ ಎಷ್ಟು ಸಲೀಸಾಗಿತ್ತು, ಕಡತಕ್ಕೆ ಷರಾ ಬರೆದ ಹಾಗೆ. ಅವರು ನಕ್ಕರು, ಸರಿಯಾಗಿ ಹೇಳಿದ್ರಿ, ದೇವಸ್ಥಾನಕ್ಕೆ ಪೂಜಾರಿ ಹುಡುಕ್ತಾ ಇಲ್ವಲ್ಲ ನಾವು. ನಾನೂ ನಕ್ಕೆ. ಈಗ ಎದ್ದು ನಿಂತಿದ್ದಾರೆ, ಹಾಳೆ ಬಿಡಿಸಿದ್ದಾರೆ, ಶಿರಾದವಳ ಹೆಸರು, ಅವಳು ಕಿರುಚಿದಳು, ಪಕ್ಕದವರು ತಬ್ಬಿಕೊಂಡರು, ಬೇಲಿ ಹತ್ತಿರ ಕದರಪ್ಪ ತಪ್ಪು ಓದಿರಬೇಕೆಂದು ಇನ್ನೂ ಹಲ್ಲು ಬಿಟ್ಟೇ ನಿಂತಿದ್ದಾನೆ, ಏನಾದ್ರೂ ಕೇಳೋದಿದ್ದೋರು ಕೈ ಎತ್ರಮ್ಮ, ಬೇಗ ಬೇಗ, ಬಿಸಿಲು, ಎಂದರು ಸರ್ — ಒಂದು ಕೈ, ಆಶಾರಾಣಿಯದು. ಸಾ, ನಂದು ಏನ್ ತಪ್ಪಾಯ್ತು ಸಾ? ಅಳುತ್ತಿಲ್ಲ, ತಿಳಿದುಕೊಂಡು ತಿದ್ದಿಕೊಳ್ಳುವವಳ ಹಾಗೆ ಕೇಳುತ್ತಿದ್ದಾಳೆ, ತಿದ್ದಿಕೊಂಡೂಬಿಡುತ್ತಾಳೆ, ಪ್ರಭುದೇವ್ ಸರ್ ಹಾಳೆ ಮಡಿಸಿದರು, ಗುಣದ ಕಾಲಂ ಮೇಡಂದು, ಅವರನ್ನೇ ಕೇಳಮ್ಮ, ಅವಳು ನನ್ನ ಕಡೆ ತಿರುಗಿದ್ದಾಳೆ, ನನ್ನ ಕೈಗಳು ಎಲ್ಲಿವೆ, ಬೆನ್ನ ಹಿಂದೆ, ಯಾವಾಗ ಹೋದವು, ಅವಳಿಗೆ ಗೆಲ್ಲುವ ಹಟ ಇಲ್ಲವೆಂದು ನಂಬಿ ಹೇಳಿದೆನೋ, ದಾಸಮ್ಮನ ಮುಂದೆ ನಾನು ಎತ್ತದ ಕೈಯನ್ನು ಇವಳು ಎತ್ತಿಬಿಟ್ಟಳೆಂದು ಹೇಳಿದೆನೋ, ಎಷ್ಟು ಕೆದಕಿದರೂ ನನಗೆ ಗೊತ್ತಿಲ್ಲ, ಗೊತ್ತಿಲ್ಲ, ಅವಳು ಕೈ ಇಳಿಸುತ್ತಿಲ್ಲ, ಬಿಸಿಲಿನಲ್ಲಿ ಆ ಕೈ, ಆ ಕೈ.