ಪಿಟೀಲಿನವಳ ಚೌಕ

ಕೂತು ನುಡಿಸುವ ಅಣ್ಣನಿಗೆ ನಿಂತು ನುಡಿಸುವ ತಂಗಿಯ ಮಂಡಿನೋವು ಹೇಗೆ ಗೊತ್ತಾಗಬೇಕು ಹೇಳಿ. ಅಣ್ಣನದು ಪಿಯಾನೊ; ಅವನಿಗೆ ಮೆತ್ತೆ ಹಾಕಿದ ಬೆಂಚು. ತಂಗಿಯದು ಪಿಟೀಲು, ಅವಳಿಗೆ ನೆಲದ ಒಂದು ಟೈಲು. ಒಂದು ಅಂದರೆ ಒಂದೇ. ದೊಡ್ಡ ಹೋಟೆಲಿನ ಮುಂಭಾಗದ ಹಾಲಿನಲ್ಲಿ, ಅತಿಥಿಗಳು ಓಡಾಡುವ ದಾರಿಯ ಪಕ್ಕ, ಪಿಯಾನೊಗೂ ಕಂಬಕ್ಕೂ ನಡುವೆ ಉಳಿದದ್ದು ಅಷ್ಟೇ ಜಾಗ. ದಿನಾ ಸಂಜೆ ಒಂದು ಗಂಟೆ, ಮೂವತ್ತೆಂಟು ವರ್ಷದಿಂದ ಅವಳು ಅಲ್ಲೇ ನಿಂತಿದ್ದಾಳೆ.

ಮೊದಲಿಂದಲೂ ಅವಳೇನು ಹಾಗೆ ನಿಲ್ಲುವವಳಲ್ಲ. ಹದಿನಾಲ್ಕರ ಹುಡುಗಿ, ಕೈಗೆ ಕಮಾನು ಬಂದರೆ ಸಾಕು, ಕಾಲು ತಾನಾಗಿ ನಡೆಯುತ್ತಿತ್ತು. ಹೋಟೆಲಿಗೆ ಸೇರಿದ ಎರಡನೇ ವಾರವೇ ಕಮಾನಿನ ತುದಿ ಮಾಣಿಯ ತಟ್ಟೆಗೆ ತಗುಲಿ ಹನ್ನೆರಡು ಗಾಜಿನ ಲೋಟ ನುಚ್ಚುನೂರಾದವು. ಮಾರನೆಯ ದಿನ ಅಣ್ಣ ಮನೆಯ ಮುಂದಿನ ಕೋಣೆಯಲ್ಲಿ ಸೀಮೆಸುಣ್ಣದಿಂದ ಸರಿಯಾಗಿ ಆ ಟೈಲಿನಷ್ಟೇ ಒಂದು ಚೌಕ ಬರೆದು, ಅವಳನ್ನು ಅದರೊಳಗೆ ನಿಲ್ಲಿಸಿದ. ಗೆರೆ ತುಳಿದರೆ ಪಾಠ ಮತ್ತೆ ಮೊದಲಿಂದ. ಅಂದಿನಿಂದ ಗೆರೆ ಮಾಸಿದಾಗಲೆಲ್ಲ ಅಣ್ಣ ತಿದ್ದಿದ್ದಾನೆ, ತಂಗಿ ಒಮ್ಮೆಯೂ ತುಳಿದಿಲ್ಲ. ಅವಳಿಗೀಗ ಐವತ್ತೆರಡು.

ಹೋದ ವಾರ ಆಗಬಾರದ್ದು ಆಯಿತು. ನುಡಿಸುತ್ತಿದ್ದಂತೆಯೇ ಮಂಡಿಗೆ ಮೊಳೆ ಹೊಡೆದ ಹಾಗಾಗಿ ಅವಳು ಅಣ್ಣನ ಬೆಂಚಿನ ತುದಿಗೆ ಕುಸಿದು ಕೂತುಬಿಟ್ಟಳು. ಬೆಂಚು ವಾಲಿತು, ಅಣ್ಣನ ಎಡಗೈ ತಪ್ಪಿತು, ಮ್ಯಾನೇಜರು ತಿರುಗಿ ನೋಡಿದ. ಮನೆಗೆ ಬಂದ ಮೇಲೆ ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

"ಬರೋ ಶನಿವಾರ ಮ್ಯಾನೇಜರು ಕೂತು ಪೂರ್ತಿ ಕೇಳ್ತಾರಂತೆ," ಅಂದ. "ಒಂದು ಗಂಟೆ ನಿಲ್ಲೋಕಾದ್ರೆ ನಿಲ್ಲು. ಆಗದಿದ್ರೆ ನನ್ನ ಮಗಳು ನಿಲ್ತಾಳೆ. ನೀನು ಮನೇಲಿ ಆರಾಮಾಗಿರು."

ಆರಾಮಂತೆ ಆರಾಮು! ಬಂದ ಸಂಬಂಧಗಳನ್ನೆಲ್ಲ ಬೇಡವೆಂದು, ಬೇರೆ ಊರಿನಲ್ಲಿ ನುಡಿಸಲು ಬಂದ ಕರೆಗೂ ಇಲ್ಲವೆಂದು ಅವಳು ಉಳಿಸಿಕೊಂಡದ್ದು ಆ ಒಂದು ಟೈಲನ್ನು. ಅದೂ ಕೈತಪ್ಪಿದರೆ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತ, ಸಂಜೆ ಅಪ್ಪ-ಮಗಳು ಹೊರಡುವುದನ್ನು ಬಾಗಿಲಲ್ಲಿ ನಿಂತು ನೋಡಬೇಕು.

ಮಾಡದ ಉಪಾಯ ಉಳಿದಿರಲಿಲ್ಲ. ಬಿಸಿನೀರಿನ ಚೀಲ ಇಟ್ಟಿದ್ದಾಯಿತು, ಬಿಗಿಪಟ್ಟಿ ಕಟ್ಟಿದ್ದಾಯಿತು, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಳ್ಳುವಂಥ ಮುಲಾಮು ತಿಕ್ಕಿದ್ದಾಯಿತು. ಚೌಕದೊಳಗೆ ಕಂಬಳಿ ಮಡಿಸಿ ಹಾಕಿ ಅದರ ಮೇಲೆ ನಿಂತು ಅಭ್ಯಾಸ ಮಾಡಿದಳು. ಮನೆಯಲ್ಲೇನೋ ಹಾಯೆನಿಸಿತು, ಹೋಟೆಲಿನ ಗಟ್ಟಿ ನೆಲದ ಮೇಲೆ ನಿಂತಾಗ ನೋವು ಎರಡರಷ್ಟಾಯಿತು.

ಕೊನೆಗೆ ಅಣ್ಣನ ಮಗಳೇ ಅವಳನ್ನು ಪಿಟೀಲಿನ ಸಮೇತ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಇಪ್ಪತ್ತರ ಹುಡುಗಿ, ಅತ್ತೆಯ ಹತ್ತಿರವೇ ಪಿಟೀಲು ಕಲಿತವಳು. ಅತ್ತೆಯ ಜಾಗ ತನಗೆ ಬರುತ್ತದೆಂಬ ಮಾತೆತ್ತಿದರೆ ಕಣ್ಣೀರಿಟ್ಟೇ ಬಿಡುವಂಥವಳು. ಆಸ್ಪತ್ರೆಯಲ್ಲಿ ಕಸರತ್ತು ಹೇಳಿಕೊಡುವ ಹೆಂಗಸು ಮಂಡಿ ಒತ್ತಿ ನೋಡಿ, ಪಿಟೀಲು ತೆಗೆದು ನುಡಿಸಿ ಎಂದಳು. ತಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಇವಳ ಕಾಲನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಸಂಗೀತ ಕೇಳಲು ಬಂದ ಒಬ್ಬರೂ ಅವಳ ಕಾಲು ನೋಡಿರಲಿಲ್ಲ.

ಹತ್ತು ನಿಮಿಷ ಕಳೆದ ಮೇಲೆ ಆ ಹೆಂಗಸು ಮೆಲ್ಲಗೆ ಕೇಳಿದಳು. "ಅಕ್ಕಾ, ಇಷ್ಟು ದೊಡ್ಡ ಕೋಣೆ ಖಾಲಿ ಬಿದ್ದಿದೆ. ನೀವ್ಯಾಕೆ ಒಂದು ಬೆರಳಷ್ಟೂ ಕದಲ್ತಿಲ್ಲ?"

ಇವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು. ಅಲ್ಲಿ ಗೆರೆಯಿಲ್ಲ, ಕಂಬವಿಲ್ಲ, ಅಣ್ಣನಿಲ್ಲ. ಆದರೂ ಪಾದಗಳು ಜೋಡಿಸಿಟ್ಟ ಚಪ್ಪಲಿಯ ಹಾಗಿದ್ದವು. ಆ ಹೆಂಗಸು ಬಿಡಿಸಿ ಹೇಳಿದಳು: ನಿಲ್ಲುವುದೇ ತಪ್ಪಲ್ಲ, ಮಂಡಿಯನ್ನು ಹಿಂದಕ್ಕೆ ತಳ್ಳಿ ಬಿಗಿಹಿಡಿದು ನಿಲ್ಲುವುದು ತಪ್ಪು. ಮಂಡಿ ಚೂರು ಸಡಿಲವಿರಲಿ, ಭಾರ ಒಮ್ಮೆ ಈ ಕಾಲಿಗೆ ಒಮ್ಮೆ ಆ ಕಾಲಿಗೆ ಬರಲಿ, ಆಗಾಗ ಪಾದ ಎತ್ತಿಡಿ, ಹದಿನೈದು ನಿಮಿಷಕ್ಕೊಮ್ಮೆ ಕೂತು ಎದ್ದು ಅಭ್ಯಾಸ ಮಾಡಿ. ಇಷ್ಟೇನಾ ಎಂದು ಇವಳಿಗೆ ನಗುವೇ ಬಂತು.

ಇಷ್ಟೇ, ಆದರೆ ಆಗಬೇಕಲ್ಲ! ಮನೆಗೆ ಬಂದು ಚೌಕದಲ್ಲಿ ನಿಂತರೆ ಕಮಾನು ತಂತಿಗೆ ತಾಗಿದ ಕೂಡಲೇ ಮಂಡಿ ಕಟಕ್ಕನೆ ಹಿಂದೆ ಹೋಗಿ ಕೂರುತ್ತಿತ್ತು. ಕಾಲಿಗೆ ಬೈದಳು, ಗೋಗರೆದಳು, ಅತ್ತಳು. ಆಗ ಒಂದು ಉಪಾಯ ತೋಚಿತು. ಗೆರೆಯನ್ನು ಅಳಿಸಲಿಲ್ಲ, ಅಷ್ಟು ಧೈರ್ಯ ಅವಳಿಗೆಲ್ಲಿಯದು. ಅಣ್ಣ ಹೊರಗೆ ಹೋದಾಗ ಚೌಕವನ್ನೇ ನಾಲ್ಕು ಬೆರಳು ಹಿಗ್ಗಿಸಿ ಬರೆದಳು. ಕಾಲು ಮೋಸಹೋಯಿತು. ಗೆರೆ ದೂರವಿದೆಯೆಂದು ಎಡಗಾಲು ಚೂರು ಸರಿಯಿತು, ಮಂಡಿ ಸಡಿಲಿತು. ಮಾರನೆಯ ದಿನ ಇನ್ನು ನಾಲ್ಕು ಬೆರಳು. ಹೀಗೆ ತನ್ನ ಕಾಲಿಗೆ ತಾನೇ ಟೋಪಿ ಹಾಕುತ್ತ ಅವಳು ವಾರದ ಉಳಿದ ದಿನ ಕಳೆದಳು. ಅಣ್ಣ ಒಮ್ಮೆ ನೋಡಿ, ಮನೆ ಕಟ್ಟಲು ಪಾಯ ಹಾಕಿದ್ದೀಯಾ ಎಂದು ಅಣಕಿಸಿದ. ಅವಳು ಮತ್ತೆ ಕಮಾನು ಎತ್ತಿದಳು.

ಶನಿವಾರ ಬಂತು. ಮ್ಯಾನೇಜರು ಎದುರಿನ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಹೋಟೆಲಿನ ಟೈಲನ್ನು ಹಿಗ್ಗಿಸಲಾಗುತ್ತದೆಯೇ? ಅದು ಇದ್ದಷ್ಟೇ ಇತ್ತು. ಆದರೆ ಅಷ್ಟರೊಳಗೇ ಅವಳು ಮಂಡಿ ಸಡಿಲಬಿಟ್ಟಳು, ಭಾರವನ್ನು ಎಡಕ್ಕೆ ಬಲಕ್ಕೆ ತೂಗಿದಳು, ಒಂದು ಹಿಮ್ಮಡಿ ಎತ್ತಿ ಇಳಿಸಿದಳು. ನಲವತ್ತನೇ ನಿಮಿಷಕ್ಕೆ ನೋವು ಎದ್ದಿತು, ಹಲ್ಲು ಕಚ್ಚಿದಳು, ಕುಸಿಯಲಿಲ್ಲ. ಗಂಟೆ ಮುಗಿದಾಗ ಮ್ಯಾನೇಜರು ಎದ್ದು ತಲೆಯಾಡಿಸಿದ.

ಮನೆಯ ದಾರಿಯಲ್ಲಿ ಅಣ್ಣ ಅವಳ ಬೆನ್ನು ತಟ್ಟಿದ. "ಗೆದ್ದೆ ಕಣೇ. ಇನ್ನು ಹತ್ತು ವರ್ಷ ನಿನ್ನನ್ನ ಅಲ್ಲಿಂದ ಯಾರೂ ಕದಲಿಸಲ್ಲ."

ಅವಳಿಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಯಾರೂ ಕದಲಿಸಲ್ಲ ಎಂಬ ಆ ಮಾತು ಮಾತ್ರ ಮನೆ ಸೇರುವ ತನಕ ಅವಳ ಜೊತೆಗೇ ನಡೆದು ಬಂತು.

ಭಾನುವಾರ ಬೆಳಿಗ್ಗೆ ಮುಂದಿನ ಕೋಣೆಯಿಂದ ಪಿಟೀಲು ಕೇಳಿ ಬಂದು ನೋಡಿದಳು. ಅಣ್ಣ ಅವಳ ದೊಡ್ಡ ಚೌಕ ಒರೆಸಿ, ಹಳೆಯ ಅಳತೆಗೆ ಹೊಸದಾಗಿ ಗೆರೆ ಎಳೆದಿದ್ದ. ಒಳಗೆ ಅವನ ಮಗಳು ನಿಂತಿದ್ದಳು. ಎಂದಿದ್ದರೂ ಮುಂದೆ ನಿಲ್ಲಬೇಕಾದವಳು, ಈಗಿಂದಲೇ ಅಭ್ಯಾಸವಾಗಲಿ ಎಂದು ಹೇಳಿ ಅಪ್ಪ ಪೇಟೆಗೆ ಹೋಗಿದ್ದನಂತೆ. ಹುಡುಗಿಯ ಪಾದಗಳು ಜೋಡಿಯಾಗಿದ್ದವು, ಮಂಡಿ ಹಿಂದಕ್ಕೆ ಬಿಗಿದಿತ್ತು.

ಅತ್ತೆಗೆ ಎಲ್ಲಿತ್ತೋ ಆ ಸಿಟ್ಟು! ಬಕೆಟ್ಟು ತಂದಳು, ಗಿಡ್ಡ ಸ್ಟೂಲಿನ ಮೇಲೆ ಕೂತು ಒದ್ದೆಬಟ್ಟೆಯಿಂದ ಗೆರೆಗಳನ್ನೆಲ್ಲ ತಿಕ್ಕಿ ತಿಕ್ಕಿ ಅಳಿಸಿದಳು.

"ಅತ್ತೆ, ಈಗ ಎಲ್ಲಿ ನಿಂತ್ಕೊಳ್ಳಲಿ?" ಹುಡುಗಿ ಕೇಳಿದಳು.

"ಎಲ್ಲಿ ಬೇಕಾದ್ರೂ ನಿಲ್ಲು. ನಡೀತಾ ನುಡಿಸು. ಅಪ್ಪನಿಗೆ ನಾನು ಹೇಳ್ತೀನಿ."

ಹುಡುಗಿ ಕ್ಷಣ ಹಿಂಜರಿದು, ಆಮೇಲೆ ನುಡಿಸುತ್ತಲೇ ಕಿಟಕಿಯ ತನಕ ಹೋದಳು, ಬಾಗಿಲ ತನಕ ಬಂದಳು. ಅವಳನ್ನು ನೋಡಿ ಅತ್ತೆಯ ಹೊಟ್ಟೆ ತಣ್ಣಗಾಯಿತು. ತಾನೂ ಪಿಟೀಲು ಎತ್ತಿ ಭುಜಕ್ಕಿಟ್ಟು ಜೊತೆಗೂಡಿದಳು.

"ಅತ್ತೆ, ಇಲ್ಲಿ ಬಿಸಿಲು ಚೆನ್ನಾಗಿದೆ, ಬನ್ನಿ," ಹುಡುಗಿ ಕಿಟಕಿಯಿಂದ ಕರೆದಳು.

ಬಂದೆ ಎಂದು ಅತ್ತೆ ಕೆಳಗೆ ನೋಡಿದಳು. ತಾನು ಯಾವಾಗ ಬಂದು ಅಲ್ಲಿ ನಿಂತೆನೋ ಅವಳಿಗೇ ತಿಳಿಯದು. ಒದ್ದೆ ನೆಲದ ಮೇಲೆ, ಚೌಕವಿದ್ದ ಜಾಗದಲ್ಲೇ, ಪಾದಗಳು ಜೋಡಿಯಾಗಿದ್ದವು. ಮಂಡಿ ಅಂದು ನೋಯುತ್ತಿರಲಿಲ್ಲ. ಬಂದೆ ಎಂದು ಇನ್ನೊಮ್ಮೆ ಹೇಳಿ ಅವಳು ಅಲ್ಲೇ ನಿಂತು ನುಡಿಸಿದಳು.