ಕರುವಿನ ಪಾಲು

ಡಾಕ್ಟರಮ್ಮ ಕುರಿಮರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅರಿಶಿನ ಬಳಿದ ಹಾಗೆ ಹಳದಿ. ಬೆಳಿಗ್ಗೆ ಅದು ಹೊಯ್ದ ಉಚ್ಚೆ ಕೊಟ್ಟಿಗೆಯ ನೆಲದಲ್ಲಿ ಕಡುಗೆಂಪಾಗಿ ಇನ್ನೂ ಆರಿರಲಿಲ್ಲ.

“ಏನು ತಿನ್ನಿಸ್ತಾ ಇದ್ರಿ ಇದಕ್ಕೆ?”

“ಬಾಟಲಿ ಹಾಲು, ಹುಲ್ಲು, ಇನ್ನೇನು?” ಎಂದ ಗಂಡ. “ಮೊನ್ನೆವರೆಗೂ ಕುಣೀತಿತ್ತು ಮೇಡಂ. ಇವಳಂತೂ ಹೆತ್ತ ಮಗೂನ ನೋಡ್ಕೊಂಡ ಹಾಗೆ ನೋಡ್ಕೊಂಡಿದ್ಲು.”

ಹೆಂಡತಿ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿ ಸವರುತ್ತಿದ್ದಳು.

ತಾಯಿಕುರಿ ಎರಡು ಮರಿ ಹಾಕಿ ಮೂರನೇ ದಿನವೇ ಸತ್ತಿತ್ತು. ದೊಡ್ಡ ಮರಿ ಹೇಗೋ ಚೇತರಿಸಿಕೊಂಡಿತು. ಚಿಕ್ಕದು ಬರೀ ಎಲುಬಿನ ಗೂಡು. “ಇದು ಉಳಿಯೋ ಗಿರಾಕಿ ಅಲ್ಲ ಬಿಡೆ” ಎಂದಿದ್ದ ಗಂಡ. ಪಕ್ಕದಲ್ಲೇ ಕಟ್ಟಿದ್ದ ಕರು ಮಾತ್ರ ಖನಿಜದ ಪುಡಿ ತಿಂದು ತಿಂಗಳೊಳಗೆ ಮೈಕೈ ತುಂಬಿಕೊಂಡಿತ್ತು. ಅವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಇಲಿ ಕಾಟಕ್ಕೆ ಅವರ ಮನೆಯಲ್ಲಿ ಚೀಲ ಬಂದ ದಿನವೇ ಪುಡಿ ಡಬ್ಬಿಗೆ ಸೇರುತ್ತದೆ, ಖಾಲಿ ಚೀಲವನ್ನು ಒಗೆದು ಒಣಹಾಕುತ್ತಾರೆ. ಡಬ್ಬಿಯಿಂದ ದಿನಾ ಒಂದು ಚಮಚ ತೆಗೆದಳು. ಗಂಡನಿಗೆ ಗೊತ್ತಾದರೆ ‘ಕರುವಿನ ಪುಡಿ ತಿನ್ನಿಸಿ ಕುರಿ ಕೈಲಿ ಗಾಡಿ ಎಳೆಸ್ತೀಯೇನೆ?’ ಎಂದು ವರ್ಷವಿಡೀ ಆಡಿಕೊಳ್ಳುತ್ತಾನೆ, ಅದಕ್ಕೇ ಕದ್ದು. ಅಂಗೈಯಲ್ಲಿಟ್ಟರೆ ಮರಿ ಬೆರಳ ಸಂದನ್ನೂ ಬಿಡದೆ ನೆಕ್ಕುತ್ತಿತ್ತು. ಎರಡು ತಿಂಗಳಲ್ಲಿ ಎಲುಬಿನ ಗೂಡು ಕೊಟ್ಟಿಗೆ ತುಂಬ ನೆಗೆದಾಡಿತು. ಆಹಾ, ಎಷ್ಟು ಬೀಗಿದ್ದಳು!

ಇಂಜೆಕ್ಷನ್ ಕೊಡಲು ಡಾಕ್ಟರಮ್ಮ ಮರಿಯನ್ನು ಹೊರಳಿಸಿದರು. ಬೆಚ್ಚಗಿರಲೆಂದು ಅದರಡಿ ಹಾಸಿದ್ದ ಖಾಲಿ ಚೀಲ ಕಾಣಿಸಿತು. ಮೇಲೆ ದುಂಡು ದುಂಡಾದ ಕರುವಿನ ಚಿತ್ರ, ಕೆಳಗೆ ಸಣ್ಣಕ್ಷರ. ಅವರು ಹುಲ್ಲುಕಡ್ಡಿ ಸರಿಸಿ ಓದಿದರು.

“ಕುರಿಗಳಿಗೆ ಕೊಡಬಾರದು.”

ಕೊಟ್ಟಿಗೆಯಲ್ಲಿ ಕರು ಮೆಲುಕು ಹಾಕುವ ಸದ್ದು.

“ಇದನ್ನ ಕೊಟ್ರಾ, ಅಮ್ಮಾ?”

“ದಿನಾ ಒಂದು ಚಮಚ” ಎಂದಳು.

ಗಂಡ ಬಗ್ಗಿ ಚೀಲ ನೋಡಿದ. “ಅತಿಯಾದ್ರೆ ಅಮೃತಾನೂ ವಿಷ ಅಂತಾರಲ್ಲ...”

“ಅತಿ ಏನಲ್ಲ. ಇದರಲ್ಲಿ ತಾಮ್ರ ಇರತ್ತೆ. ಕರುವಿಗೆ ಅದು ಬೇಕು, ಕುರಿಗೆ ಅಷ್ಟು ಆಗಿಬರಲ್ಲ. ಲಿವರ್‌ನಲ್ಲಿ ಸದ್ದಿಲ್ಲದೆ ಸೇರ್ತಾ ಹೋಗತ್ತೆ, ನೋಡೋಕೆ ಮರಿ ಚೆನ್ನಾಗೇ ಇರತ್ತೆ. ಒಂದಿನ ಎಲ್ಲಾ ಒಟ್ಟಿಗೆ ರಕ್ತಕ್ಕೆ ಇಳಿಯತ್ತೆ.”

ಮಧ್ಯಾಹ್ನದ ಹೊತ್ತಿಗೆ ಮರಿ ಅವಳ ತೊಡೆಯ ಮೇಲೇ ಕಾಲು ಚಾಚಿ ಪ್ರಾಣ ಬಿಟ್ಟಿತು. “ಕೈಯಾರೆ ಕೊಂದೆ ಕಣ್ರೀ, ಕೈಯಾರೆ!” ಎಂದು ಅತ್ತಳು. ಮಾತುಮಾತಿಗೆ ಆಡಿಕೊಳ್ಳುತ್ತಿದ್ದ ಗಂಡ ಅವಳ ಪಕ್ಕ ಕುಕ್ಕರಿಸಿ, “ಚೀಲ ತಂದೋನು ನಾನು. ನಾನೂ ಓದಲಿಲ್ಲ” ಎಂದ.

ಡಾಕ್ಟರಮ್ಮ ಹೊರಡುವ ಮುನ್ನವೇ ಮೆಲ್ಲಗೆ ಕೇಳಿದ್ದರು: “ಇನ್ನೊಂದು ಮರಿಗೆ?”

“ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹೇಗೆ ಮಾಡ್ಲಿ ಮೇಡಂ?” ಎಂದಿದ್ದಳು ಅವಳು.

“ಇವತ್ತಿಂದ ನಿಲ್ಲಿಸಿ. ಔಷಧಿ ಬರೆದಿದ್ದೀನಿ, ತಪ್ಪದೆ ಕೊಡಿ. ಉಳಿಯತ್ತೋ ಇಲ್ವೋ, ಈಗಲೇ ಹೇಳೋಕಾಗಲ್ಲ.”

ಸಂಜೆ, ದಿನಾ ಪುಡಿ ಕೊಡುತ್ತಿದ್ದ ಹೊತ್ತಿಗೆ ಸರಿಯಾಗಿ, ದೊಡ್ಡ ಮರಿ ಓಡಿ ಬಂತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅದು ಸುತ್ತಿಕೊಂಡು ಬಂದು ಮುಷ್ಟಿಗೆ ಮೂತಿಯಿಂದ ಗುದ್ದಿತು. ಬಿಚ್ಚಲಿಲ್ಲವೆಂದು, ಬಿಗಿದ ಬೆರಳುಗಳನ್ನೇ ಒಂದೊಂದಾಗಿ ನೆಕ್ಕತೊಡಗಿತು.