ಸಿಳ್ಳೆ ಹೊಡೆದ ಫೋನು

ನಮ್ಮತ್ತೆ ರಾವ್ನಾ ಹಿಡಿದ ಹಟ ಬಿಡುವವರಲ್ಲ. ಕಣ್ಣಿಗೆ ಪೊರೆ ಬಂದಿದೆ, ನಾಳೆ ಆಲ್ಟಾ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್. ಅವರೋ, "ನನ್ನ ಕಣ್ಣು ಚೆನ್ನಾಗೇ ಇದೆ. ಈಚೆಗೆ ರಾತ್ರಿ ಆಕಾಶದಲ್ಲಿ ಹರಿಯೋ ಉತ್ತರದ ಬೆಳಕೇ ಬೂದಿ ಬಣ್ಣಕ್ಕೆ ತಿರುಗಿದೆ. ಆಕಾಶಕ್ಕೆ ಆಪರೇಷನ್ ಮಾಡ್ಸು, ಹೋಗು" ಅನ್ನುತ್ತಾರೆ. ನಾಳೆ ತಪ್ಪಿದರೆ ಮತ್ತೆ ಬೇಸಿಗೆಗೇ ಸರದಿ. ಅಷ್ಟರಲ್ಲಿ ಎಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೋ ಎಂದು ನನಗೆ ಭಯ.

ಸಂಜೆ ಸೌದೆಗೆಂದು ಹೊರಬಂದವಳು ಕೂಗಿಕೊಂಡೆ. ಸಾರಂಗದ ದೊಡ್ಡಿಯ ಮೇಲೆ ಈ ಗುಡ್ಡದಿಂದ ಆ ಗುಡ್ಡಕ್ಕೆ ಹಸಿರು ಬೆಳಕು ಹರಿಯುತ್ತಿತ್ತು!

"ಅತ್ತೇ, ಬನ್ನಿ! ಬೇಗ!"

"ಕೂಗ್ಬೇಡ್ವೇ ಮಾರೆತ್, ಆ ಬೆಳಕಿಗೆ ಕೇಳ್ಸುತ್ತೆ!" ಎಂದು ಗದರುತ್ತಲೇ ಬಂದರು. ತಲೆಯೆತ್ತಿ ನೋಡಿ, "ಬೂದಿ" ಎಂದರು.

ಫೋಟೊ ತೋರಿಸಿಯೇ ತೀರುತ್ತೇನೆ ಎಂದು ಫೋನು ತೆಗೆದರೆ, ಚಳಿಗೆ ಅದು ಸತ್ತೇ ಹೋಯಿತು. ಕಂಕುಳಲ್ಲಿಟ್ಟು ಕಾವು ಕೊಟ್ಟೆ. ಬೆಳಕು ಎಲ್ಲಿ ಹೋಗಿಬಿಡುತ್ತದೋ ಎಂದು ನಿಂತಲ್ಲೇ ಕುಣಿಯುತ್ತಿದ್ದೆ.

"ಮೊಟ್ಟೆಗೆ ಕಾವು ಕೊಟ್ಟಂಗಿದೆ. ಮರಿ ಯಾವಾಗ?"

ಫೋನಿಗೆ ಜೀವ ಬಂತು! ಕೈ ನಡುಗಿದರೆ ಎಲ್ಲ ಕಲಸಿಹೋಗುತ್ತದೆ, ಅದಕ್ಕೇ ಹಿಮದ ಮೇಲೆ ಎಳೆಯುವ ಜಾರುಬಂಡಿಗೆ ಒರಗಿಸಿ, ಗುಂಡಿ ಒತ್ತಿ ಕೈ ತೆಗೆದೆ. ಹತ್ತು ಸೆಕೆಂಡು ಅಲುಗುವಂತಿಲ್ಲ. ನಾನು ಉಸಿರು ಬಿಗಿಹಿಡಿದಿರುವಾಗಲೇ, ಹಿಂಡಿನ ಜತೆ ಹೋಗಿದ್ದ ನನ್ನ ಗಂಡನ ಮೆಸೇಜು ಬಂತು. ಫೋನು ಜೋರಾಗಿ ಸಿಳ್ಳೆ ಹೊಡೆಯಿತು.

"ಅಯ್ಯೋ, ಸಿಳ್ಳೆ!" ಅತ್ತೆ ಶಾಲು ತಲೆಗೆಳೆದು ಹಿಮದಲ್ಲಿ ಕೂತೇಬಿಟ್ಟರು. "ಬೆಳಕಿನ ಕೆಳಗೆ ಸಿಳ್ಳೆ ಹೊಡೆದ್ರೆ ಇಳಿದು ಬಂದು ಎತ್ಕೊಂಡು ಹೋಗುತ್ತೆ ಕಣೇ!"

ಇಳಿದೇ ಬಂತು! ನೆತ್ತಿಯ ಮೇಲೆ ಒಡೆದು, ಅಂಚಿಗೆ ಗುಲಾಬಿ ಹಚ್ಚಿಕೊಂಡು, ಹಿಮಕ್ಕೆಲ್ಲ ಬಣ್ಣ ಚೆಲ್ಲಿತು. ಹೆದರಬೇಕಾದವಳು ನಾನು ಗಟ್ಟಿಯಾಗಿ ನಗುತ್ತಿದ್ದೆ.

ಫೋಟೊ ಅವರ ಮೂಗಿನ ಹತ್ತಿರ ಹಿಡಿದೆ. ಹಸಿರು ಆಕಾಶ, ಗುಲಾಬಿ ಅಂಚು, ಕೆಳಗೆ ಶಾಲು ಹೊದ್ದ ಮುದ್ದೆಯೊಂದು.

ಬಹಳ ಹೊತ್ತು ನೋಡಿದರು. "ಫೋನೇ ಬಣ್ಣ ಬಳಿಯುತ್ತೆ ಅಂತ ನಿನ್ ಗಂಡ ಹೇಳ್ತಿದ್ದ. ನಿನ್ನ ಕಣ್ಣಿಗೆ ಹೇಗೆ ಕಾಣ್ತಿದೆ? ನಿಜ ಹೇಳು."

ಒಂದು ಸುಳ್ಳು ಹೇಳಿದ್ದರೆ ಗೆದ್ದಂತೆಯೇ ಇತ್ತು. ನಾಲಗೆ ಏಳಲಿಲ್ಲ. "ಇಷ್ಟು ಗಾಢ ಅಲ್ಲ ಅತ್ತೆ. ಫೋನು ಒಂಚೂರು ಜಾಸ್ತಿನೇ ತೋರ್ಸುತ್ತೆ. ಆದ್ರೆ ಹಸಿರು, ಹಸಿರೇ."

ಅತ್ತೆ ಮತ್ತೆ ಮೇಲೆ ನೋಡಿದರು. "ಹಾಗಾದ್ರೆ ಅದು ಬದಲಾಗಿಲ್ಲ" ಎಂದರು ಮೆಲ್ಲಗೆ.

ಹಿಮ ಕೊಡವಿಕೊಂಡು ಎದ್ದರು. "ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ಬೇಕು? ಆ ಸಿಳ್ಳೆಕೋರನ್ನ ಮಾತ್ರ ಮನೇಲೇ ಬಿಟ್ಟು ಬಾ."